ಏಳು ದಿನದ ವಾಯಿದೆ

ಹೋದ ತಿಂಗಳು ಸಾನಪಾಡಾದ ಮನೆ ಖಾಲಿ ಮಾಡಿ ಸೀವುಡ್ಸ್‌ಗೆ ಬಂದೆವು. ಅಡುಗೆಮನೆಯ ಕಪಾಟು ಬರಿದು ಮಾಡುವಾಗ ಕೆಳಗಿನ ಹಲಗೆಗೆ ಹಾಸಿದ್ದ ಕಾಗದ ಕೈಗೆ ಬಂತು. ಹಳೆಯ ಕನ್ನಡ ಕ್ಯಾಲೆಂಡರಿನ ಹಾಳೆ. ಇಂಗು, ಅರಿಶಿನ, ಎಣ್ಣೆಯ ಜಿಡ್ಡು ಎಲ್ಲ ಕೂಡಿದ ವಾಸನೆ. ಏಕಾದಶಿ, ಸಂಕಷ್ಟಿ, ರಾಹುಕಾಲಗಳ ಮಧ್ಯೆ ನೀಲಿ, ಹಸಿರು, ಕೆಂಪು ಪೆನ್ಸಿಲ್ಲಿನ ಗುರುತುಗಳು. ಮಗಳು ನೋಡಿ, "ಯೇ ಕ್ಯಾ ಹೈ ಮಮ್ಮಿ, ಮೇರಾ ಡ್ರಾಯಿಂಗ್?" ಎಂದಳು. ಅಲ್ಲ, ಹನ್ನೊಂದು ಕಂಪನಿಗಳ ಬ್ಯಾಕಪ್ ವೇಳಾಪಟ್ಟಿ ಎಂದೆ. ಅವಳು ನಂಬಲಿಲ್ಲ.

ಆ ಗುರುತುಗಳನ್ನು ಹಾಕಿದವರು ಮಹಾಪೆಯ ನನ್ನ ಹಳೆಯ ಕಂಪನಿಯಲ್ಲಿ ನನ್ನ ಮೇಲಿನವರಾಗಿದ್ದರು. ಆಫೀಸಿನಲ್ಲಿ ಎಲ್ಲರಿಗೂ ಅವರು ಅಣ್ಣ. ಈ ಕಡೆ ದಕ್ಷಿಣದಿಂದ ಬಂದ ಗಂಡಸರೆಲ್ಲ ಅಣ್ಣಂದಿರೇ, ಇಡ್ಲಿ ಮಾಡುವವರೂ ಅಣ್ಣ, ಸರ್ವರ್ ನೋಡಿಕೊಳ್ಳುವವರೂ ಅಣ್ಣ. ಇವರು ಎರಡನ್ನೂ ಮಾಡಿದ್ದರು. ಉಡುಪಿ ಕಡೆಯವರು, ಹತ್ತು ವರ್ಷ ಕಲ್ಯಾಣದಲ್ಲಿ ಸೋದರಮಾವನ ಹೋಟೆಲಿನ ಅಡುಗೆಮನೆ ನೋಡಿಕೊಂಡು, ಸಂಜೆ ಹೊತ್ತು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಈ ಕೆಲಸಕ್ಕೆ ಬಂದವರು. ಡೊಂಬಿವಿಲಿಯಿಂದ ಠಾಣೆಗೆ ಸ್ಲೋ ಲೋಕಲ್, ಠಾಣೆಯಿಂದ ಘನ್ಸೋಲಿಗೆ ಇನ್ನೊಂದು, ಅಲ್ಲಿಂದ ಶೇರ್ ಆಟೋ. ಒಂಬತ್ತೂವರೆಗೆ ಆಫೀಸಿಗೆ ಬಂದು ಮೊದಲು ಕ್ಯಾಲೆಂಡರಿನ ಮುಂದೆ ನಿಲ್ಲುತ್ತಿದ್ದರು. ಪೂಜೆ ಮಾಡುವವರ ಹಾಗೆ ನಿಲ್ಲುತ್ತಾರಲ್ಲ ಎಂದು ನನಗೆ ಒಳಗೊಳಗೇ ನಗು ಬರುತ್ತಿತ್ತು.

ನನ್ನ ವಿಷಯ ಹೇಳುವುದಾದರೆ, ಮೈಸೂರಿನಿಂದ ಮದುವೆಯಾಗಿ ಬಂದು, ಮಗಳು ಹುಟ್ಟಿದ ಮೇಲೆ ಆರು ವರ್ಷ ಮನೆಯಲ್ಲೇ ಇದ್ದವಳು. ಆ ಆರು ವರ್ಷ ಏನು ಮಾಡುತ್ತಿದ್ದಿರಿ ಎಂದು ಎಷ್ಟು ಇಂಟರ್‌ವ್ಯೂಗಳಲ್ಲಿ ಕೇಳಿದ್ದಾರೋ ಲೆಕ್ಕವಿಲ್ಲ. ಕೊನೆಗೆ ಈ ಕಂಪನಿ ಕರೆಯಿತು, ಆರು ತಿಂಗಳು ಪ್ರೊಬೇಷನ್ ಎಂದಿತು. ಆ ಆರು ತಿಂಗಳಲ್ಲಿ ಒಂದು ಕಪ್ಪು ಚುಕ್ಕೆ ಬಿದ್ದರೂ ಮತ್ತೆ ಯಾರೂ ಕರೆಯುವುದಿಲ್ಲ ಎಂಬ ಹೆದರಿಕೆಯಲ್ಲೇ ನಾನು ದಿನಾ ಸಾನಪಾಡಾದಲ್ಲಿ ರೈಲು ಹತ್ತುತ್ತಿದ್ದೆ.

ಕೆಲಸ ಇಷ್ಟೇ. ಒಂದು ದೊಡ್ಡ ಸರ್ವರು ತನ್ನೊಳಗೆ ಇಪ್ಪತ್ತು ಮೂವತ್ತು ಕಂಪ್ಯೂಟರುಗಳು ಇರುವಂತೆ ನಟಿಸುತ್ತದೆ. ಅವನ್ನು ವರ್ಚುವಲ್ ಮಷೀನ್ ಎನ್ನುತ್ತಾರೆ. ಇಲ್ಲಿಯ ಚಾಳಿನಂತೆ, ಒಂದೇ ವಠಾರ, ಮೂವತ್ತು ಖೋಲಿ; ಪ್ರತಿ ಬಾಡಿಗೆದಾರನಿಗೂ ಇಡೀ ಮನೆ ತನ್ನದೇ ಎಂಬ ಭಾವನೆ. ಆ ಒಂದೊಂದು ಮಷೀನಿನ ಪೂರ್ತಿ ನಕಲು ತೆಗೆದಿಡುವುದು ನಮ್ಮ ಕೆಲಸ. ಯಾವಾಗ ತೆಗೆಯಬೇಕು ಎನ್ನುವುದು ವೇಳಾಪಟ್ಟಿ. ತೆಗೆದದ್ದನ್ನು ಎಷ್ಟು ಕಾಲ ಇಡಬೇಕು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ರಿಟೆನ್ಷನ್ ಎಂದರೂ ಅಣ್ಣ ಮಾತ್ರ ವಾಯಿದೆ ಎನ್ನುತ್ತಿದ್ದರು.

ಅವರು ಪ್ರತಿ ಮಷೀನಿಗೂ ಮೂರು ವೇಳಾಪಟ್ಟಿ ಇಟ್ಟಿದ್ದರು. ದಿನದ್ದು ನೀಲಿ, ಹದಿನಾಲ್ಕು ಪ್ರತಿ ಇರುತ್ತಿದ್ದವು. ಹದಿನೈದನೆಯದು ಬಂದರೆ ಮೊದಲನೆಯದು ಹೋಗಬೇಕು. ಭಾನುವಾರದ್ದು ಹಸಿರು, ಎಂಟು ವಾರ. ತಿಂಗಳ ಮೊದಲ ದಿನದ್ದು ಕೆಂಪು, ಒಂದು ವರ್ಷ. ಎಲ್ಲವೂ ಸ್ಕ್ರೀನಿನ ಮೇಲೆಯೇ ಕಾಣುತ್ತಿರುವಾಗ ಕ್ಯಾಲೆಂಡರಿನ ಮೇಲೆ ಏಕೆ ಬರೆಯಬೇಕು ಎಂದು ಕೇಳಿದ್ದೆ. "ಸ್ಕ್ರೀನು ಇವತ್ತು ಎಂತ ಉಂಟು ಅಂತ ಹೇಳ್ತದೆ. ಎಂತ ಹೋಯ್ತು ಅಂತ ಹೇಳುದಿಲ್ಲ" ಎಂದರು. ತಿಂಗಳು ಮುಗಿದ ಮೇಲೆ ಹಾಳೆ ಕಿತ್ತು ನನಗೆ ಕೊಟ್ಟು, ಓದಿ ನೋಡಿ ಎನ್ನುತ್ತಿದ್ದರು. ನಾನು ಓದದೆ ಮನೆಗೆ ತಂದು ಕಪಾಟಿಗೆ ಹಾಸುತ್ತಿದ್ದೆ. ಗಟ್ಟಿ ಕಾಗದ, ಎಸೆಯಲು ಮನಸ್ಸು ಬರುತ್ತಿರಲಿಲ್ಲ.

ಒಂದೇ ಪಟ್ಟಿ ಸಾಲದೇ, ದಿನಾ ತೆಗೆಯುತ್ತೇವಲ್ಲ ಎಂದು ನಾನು ವಾದಿಸಿದ ದಿನ ಅವರು ಹೋಟೆಲಿನ ಮಾತು ತೆಗೆದರು. ಮೊಸರಿಗೆ ದಿನಾ ನಿನ್ನೆಯ ಮೊಸರಿನಿಂದಲೇ ಹೆಪ್ಪು. ಒಂದು ದಿನ ಹೆಪ್ಪು ಕೆಟ್ಟಿತೆನ್ನಿ, ಆಮೇಲಿನ ಅಷ್ಟು ದಿನದ ಮೊಸರೂ ಕೆಟ್ಟದ್ದೇ. ಅದಕ್ಕೇ ಅವರ ಮಾವ ಬೇರೆ ಪಾತ್ರೆಯಲ್ಲಿ ಬೇರೆ ದಿನದ ಹೆಪ್ಪು ಎತ್ತಿಡಿಸುತ್ತಿದ್ದರಂತೆ.

"ಎಷ್ಟು ದಿನ ಇಡ್ಬೇಕು ಅಂತ ಕೇಳ್ಬೇಡಿ" ಎಂದರು. "ತಪ್ಪಾದದ್ದು ಗೊತ್ತಾಗ್ಲಿಕ್ಕೆ ಎಷ್ಟು ದಿನ ಬೇಕು, ಅದನ್ನು ಕೇಳಿ."

ಮಾತು ಚೆನ್ನಾಗಿದೆ ಎಂದುಕೊಂಡೆ. ತಲೆ ತಿನ್ನುತ್ತಾರೆ ಎಂದೂ ಅಂದುಕೊಂಡೆ. ಎರಡೂ ನಿಜವೇ.

ಗಣಪತಿ ಹಬ್ಬದ ಹೊತ್ತಿಗೆ ಡಿಸ್ಕು ತುಂಬಿತು. ಮ್ಯಾನೇಜರ್ ಬಂದು, "ಅಣ್ಣಾ, ಛೋಟೇ ಕ್ಲೈಂಟ್ ಕೇ ಲಿಯೇ ತೀನ್ ತೀನ್ ಶೆಡ್ಯೂಲ್ ಕಿಸಲಿಯೇ? ಡೇಲಿ ಬಸ್ ಹೈ" ಎಂದರು, ಸಣ್ಣ ಗಿರಾಕಿಗಳಿಗೆ ಮೂರು ಮೂರು ಪಟ್ಟಿ ಯಾಕೆ, ದಿನದ್ದೊಂದು ಸಾಕು ಎಂದು. ಅಣ್ಣ ಎರಡು ದಿನ ವಾದಿಸಿ ಸೋತರು. ಹನ್ನೊಂದು ಸಣ್ಣ ಕಂಪನಿಗಳ ವಾರದ ಪಟ್ಟಿ, ತಿಂಗಳ ಪಟ್ಟಿಗಳನ್ನು ಅಳಿಸುವ ಕೆಲಸ ನನಗೆ ಬಂತು. ಪ್ರತಿಗಳನ್ನೂ ಅಳಿಸಲೇ ಎಂದು ಕೇಳಿದೆ. "ಪಟ್ಟಿ ಮಾತ್ರ ಅಳಿಸಿ. ಆಗ್ಲೇ ತೆಗೆದಿಟ್ಟ ಪ್ರತಿ ಮುಟ್ಬೇಡಿ. ಅವುಗಳ ವಾಯಿದೆ ಮುಗಿದಾಗ ಅವೇ ಹೋಗ್ತಾವೆ, ನಾವು ಯಾಕೆ ದೂಡುದು" ಎಂದರು. ಹಾಗೆಯೇ ಮಾಡಿದೆ.

ಆ ಹನ್ನೊಂದರಲ್ಲಿ ಒಂದು ಶಹಾಡ್‌ನ ಬಟ್ಟೆಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆ. ಯಾವ ಬಣ್ಣಕ್ಕೆ ಯಾವ ಪುಡಿ ಎಷ್ಟು ಎಂಬ ಅಳತೆಗಳೆಲ್ಲ, ಸಾವಿರಾರು ಬಣ್ಣಗಳದ್ದು, ನಮ್ಮಲ್ಲಿದ್ದ ಅವರ ಮಷೀನಿನೊಳಗಿದ್ದವು. ಅವನ್ನು ಕೂರಿಸಿದವಳು ಅಲ್ಲಿಯ ಲ್ಯಾಬಿನ ಹೆಂಗಸು, ಹಳೆಯ ಮಾಸ್ತರರ ನೋಟ್‌ಬುಕ್ಕುಗಳನ್ನು ನೋಡಿ ನೋಡಿ ಟೈಪ್ ಮಾಡಿದ್ದಳು. ಆಮೇಲೆ ಒಂದು ಮಳೆಗಾಲ ನದಿ ಒಳಗೆ ಬಂದು ನೋಟ್‌ಬುಕ್ಕುಗಳು ಹೋದವು. ಉಳಿದದ್ದು ಮಷೀನಿನೊಳಗಿನದಷ್ಟೇ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಹೆಂಗಸಿನ ಫೋನು ಬಂತು. ಒಂದು ಲಾಟು ಬಟ್ಟೆಯ ಬಣ್ಣ ಪೂರಾ ಕೆಟ್ಟಿದೆ, ತೆರೆದು ನೋಡಿದರೆ ಅಳತೆಗಳಲ್ಲಿ ಬಿಂದುವಿನ ಆಚೆಯ ಅಂಕಿಗಳೇ ಇಲ್ಲ ಎಂದಳು. ಅರ್ಧ, ಕಾಲು ಇದ್ದದ್ದೆಲ್ಲ ಸೊನ್ನೆ. ಒಂಬತ್ತು ದಿನದ ಹಿಂದೆ ಯಾರೋ ಅವರ ಸಾಫ್ಟ್‌ವೇರಿನ ಏನನ್ನೋ ಬದಲಿಸಿದ್ದರು. ಅಣ್ಣ ಅಂದು ರಜೆ, ಹೆಂಡತಿಯ ಕಣ್ಣಿನ ಆಪರೇಷನ್. ಫೋನು ಮಾಡಬಹುದಿತ್ತು. ನಾನು ಮಾಡಲಿಲ್ಲ. ಒಬ್ಬಳೇ ನಿಭಾಯಿಸಿ ತೋರಿಸುವ ಆಸೆ… ಪ್ರೊಬೇಷನ್ ಮುಗಿಯಲು ಮೂರು ವಾರ ಇತ್ತು.

ನಾನು ಬಹಳ ಜಾಗ್ರತೆ ಮಾಡಿದೆ. ಹಳೆಯ ಪ್ರತಿ ಎಬ್ಬಿಸಿದರೆ ಒಂಬತ್ತು ದಿನದ ಕೆಲಸ ಹೋಗುತ್ತದೆ, ಮೊದಲು ಇದ್ದಲ್ಲೇ ಸರಿಮಾಡಿ ನೋಡುತ್ತೇನೆ ಎಂದ ಅವರ ಸಾಫ್ಟ್‌ವೇರಿನವನು. ಅವನು ರಿಪೇರಿಗೆ ಕೂರುವ ಮೊದಲು ಒಂದು ಪ್ರತಿ ತೆಗೆದೆ. ಅವನ ಮೊದಲ ಪ್ರಯತ್ನ ಕೈಕೊಟ್ಟಿತು. ಎರಡನೆಯದಕ್ಕೆ ಮುಂಚೆ ಇನ್ನೊಂದು. ಹೀಗೆ ಸಂಜೆಯೊಳಗೆ ಆರು. ಪ್ರತಿ ಸಲವೂ ಸ್ಕ್ರೀನಿನ ಮೇಲೆ ಹಸಿರು ಗುರುತು ಬಂದಾಗ ನನಗೆ ಧೈರ್ಯ ಬರುತ್ತಿತ್ತು. ಮನೆಗೆ ಹೋಗಿ ಗಂಡನಿಗೆ, ಇವತ್ತು ಒಂದಲ್ಲ ಆರು ಬ್ಯಾಕಪ್ ಇದೆ ಎಂದು ಹೇಳಿಕೊಂಡೆ.

ಮರುದಿನ ಅಣ್ಣ ಬಂದು ಪಟ್ಟಿ ನೋಡಿದರು. ಆಮೇಲೆ ಕುರ್ಚಿ ಎಳೆದು ಕೂತರು.

"ಹದಿನಾಲ್ಕರಲ್ಲಿ ಒಂಬತ್ತು ಕೆಟ್ಟದ್ದು, ಐದು ಒಳ್ಳೇದು ಇತ್ತು. ನೀವು ಆರು ತೆಗ್ದ್ರಿ."

ನನಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಹದಿನಾಲ್ಕೇ ಜಾಗ. ನಾನು ತೆಗೆದ ಒಂದೊಂದು ಹೊಸ ಪ್ರತಿಯೂ ಹಿಂದಿನಿಂದ ಒಂದನ್ನು ಹೊರಗೆ ತಳ್ಳಿತ್ತು. ಸುಮ್ಮನೆ ಕೈ ಕಟ್ಟಿ ಕೂತಿದ್ದರೆ ಐದು ಒಳ್ಳೆಯ ಪ್ರತಿಗಳು ಇರುತ್ತಿದ್ದವು. ನನ್ನ ಜಾಗ್ರತೆಯೇ ಅವನ್ನು ತಿಂದಿತ್ತು. ಈ ಕೆಲಸದಲ್ಲಿರುವವರಿಗೆ ಬಿಟ್ಟರೆ ಬೇರೆ ಯಾರಿಗೂ ಇಂಥ ತಪ್ಪು ಮಾಡಲು ಸಾಧ್ಯವಿಲ್ಲ.

ಆಗ ಅವರು ಎದ್ದು ಕ್ಯಾಲೆಂಡರಿನ ಮುಂದೆ ನಿಂತು, ಕಿತ್ತುಹೋದ ತಿಂಗಳುಗಳನ್ನು ಬೆರಳಲ್ಲಿ ಎಣಿಸಿದರು. ಹಸಿರು ಪ್ರತಿಗಳ ಎಂಟು ವಾರ ಮುಗಿದಿತ್ತು. ತಿಂಗಳ ಪಟ್ಟಿಯೂ ಹೋಗಿತ್ತು, ಆದರೆ ಅದು ಹೋಗುವ ಮೊದಲು ತೆಗೆದ ಕೊನೆಯ ಕೆಂಪು ಪ್ರತಿ ಇನ್ನೂ ಇತ್ತು. ವಾಯಿದೆ ಒಂದು ವರ್ಷ. ಅದನ್ನು ಬೇರೆ ಮಷೀನಾಗಿ ಎಬ್ಬಿಸಿ ನೋಡಿದೆವು. ಬಿಂದುವಿನ ಆಚೆಯ ಅಂಕಿಗಳೆಲ್ಲ ಇದ್ದವು. ಎರಡು ತಿಂಗಳಿಗೂ ಮುಂಚಿನ ಪ್ರತಿ, ಹಾಗಾಗಿ ಆ ಮಧ್ಯೆ ಸೇರಿಸಿದ ಬಣ್ಣಗಳು ಮಾತ್ರ ಇರಲಿಲ್ಲ.

ಇಮೇಲ್ ಮಾಡಿಬಿಡೋಣ ಎಂದೆ. "ಬೇಡ, ಹೋಗಿ ಹೇಳುವ. ನೀವೂ ಬನ್ನಿ" ಎಂದರು. ಮಧ್ಯಾಹ್ನದ ಟಿಟ್ವಾಲಾ ಲೋಕಲ್ ಹಿಡಿದು ಶಹಾಡ್‌ನಲ್ಲಿ ಇಳಿದೆವು. ಆ ಹೆಂಗಸಿನ ಕೈಗಳು ಮೊಣಕೈವರೆಗೆ ನೀಲಿಯಾಗಿದ್ದವು. "ಸಗ್ಳಂ ಗೇಲಂ ಕಾ?" ಎಲ್ಲಾ ಹೋಯಿತಾ ಎಂದು ಬಾಗಿಲಲ್ಲೇ ಕೇಳಿದಳು. ಇಲ್ಲ, ಎರಡು ತಿಂಗಳದ್ದು ಮಾತ್ರ ಎಂದಾಗ ಅವಳು ಅಲ್ಲಿದ್ದ ಡ್ರಮ್ಮಿನ ಮೇಲೆ ಕೂತುಬಿಟ್ಟಳು. ಹಾಗಾದರೆ ಈ ಎರಡು ತಿಂಗಳದ್ದು ಯಾಕೆ ಹೋಯಿತು ಎಂದು ಕೇಳಿದಾಗ ಅಣ್ಣ ನನ್ನ ಕಡೆ ನೋಡಿದರು. ನಾನು ನೆಲ ನೋಡುತ್ತಾ, ಟೆಕ್ನಿಕಲ್ ಪ್ರಾಬ್ಲೆಮ್ ಎಂದೆ. ವಾಪಸು ಬರುವಾಗ ಕಲ್ಯಾಣದಲ್ಲಿ ಜನ ನುಗ್ಗಿದರು, ನಾವು ಬೇರೆ ಬೇರೆ ಕಡೆ ನಿಂತೆವು. ಆ ಹೆಂಗಸು ಹೋದ ಬಣ್ಣಗಳನ್ನು ಬಟ್ಟೆಯ ತುಂಡುಗಳ ಮೇಲೆ ಒಂದೊಂದಾಗಿ ಮತ್ತೆ ಹಾಕಿ ಅಳತೆ ಹಿಡಿಯಲು ಏಳು ವಾರ ತೆಗೆದುಕೊಂಡಳು ಎಂದು ಆಮೇಲೆ ಗೊತ್ತಾಯಿತು.

ಎರಡು ದಿನದ ನಂತರ ಅಣ್ಣ ವರದಿ ಬರೆದರು. ಅದರಲ್ಲಿ ನನ್ನ ಹೆಸರಿತ್ತು. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಪ್ರತಿ ತೆಗೆದೆ, ಯಾವುದರಿಂದ ಯಾವುದು ಹೋಯಿತು, ಎಲ್ಲ ಇತ್ತು. ಓದಿ ಮುಗಿಸಿ ಅವರ ಮೇಜಿನ ಹತ್ತಿರ ಹೋದೆ.

"ಒಂದು ಮಾತು ಕೇಳಬಹುದಿತ್ತಲ್ಲ ಸಾರ್. ಇನ್ನು ಮೂರು ವಾರ ಇದೆ ನಂಗೆ, ನಿಮಗೆ ಗೊತ್ತು" ಎಂದೆ.

"ಗೊತ್ತುಂಟು. ಆದ್ರೆ ಯಾರು ಎಂತ ಮಾಡಿದ್ರು ಅಂತ ಇಲ್ದಿದ್ರೆ ಅದು ವರದಿ ಅಲ್ಲ. ನಾಳೆ ಇನ್ನೊಬ್ರು ಅದನ್ನೇ ಮಾಡ್ತಾರೆ."

ವರದಿಯ ಮೊದಲ ಸಾಲಿನಲ್ಲಿ ಅವರದೇ ಹೆಸರಿತ್ತು. ದಿನದ ಪಟ್ಟಿಯ ವಾಯಿದೆಯನ್ನು ದಿನಗಳ ಮೇಲೆ ಇಡದೆ ಪ್ರತಿಗಳ ಎಣಿಕೆಯ ಮೇಲೆ ಇಟ್ಟದ್ದು ತನ್ನ ತಪ್ಪು, ದಿನಗಳ ಮೇಲೆ ಇಟ್ಟಿದ್ದರೆ ಎಷ್ಟು ಸಲ ತೆಗೆದರೂ ಹಳೆಯದು ಹೋಗುತ್ತಿರಲಿಲ್ಲ, ಇನ್ನು ಮುಂದೆ ಹಾಗೆಯೇ ಇಡಬೇಕು ಎಂದು ಬರೆದಿದ್ದರು. ಅದನ್ನು ನಾನು ಅಂದೂ ಓದಿದ್ದೆ. ಓದಿಯೂ ನನ್ನ ಕಣ್ಣಿಗೆ ಕಂಡದ್ದು ನನ್ನ ಹೆಸರು ಮಾತ್ರ. ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಯಿತು. ಕೆಲಸ ಹೋಗಲಿಲ್ಲ, ಅಷ್ಟು ದೊಡ್ಡ ಅನಾಹುತವೇನೂ ಅಲ್ಲ. ಆದರೆ ನಾನು ಮುಖ ಊದಿಸಿಕೊಂಡೆ, ಅದು ಇಳಿಯಲಿಲ್ಲ.

ಅಣ್ಣನಿಗೆ ಫೋನಿನಲ್ಲಿ ಟೈಪ್ ಮಾಡಲು ಬರುತ್ತಿರಲಿಲ್ಲ. ಬರುತ್ತಿರಲಿಲ್ಲವೆಂದಲ್ಲ, ಬೇಸರ. ಸಂಜೆ ಮನೆ ಮುಟ್ಟಿದ ಮೇಲೆ ಡೊಂಬಿವಿಲಿಯ ಬಾಲ್ಕನಿಯಲ್ಲಿ ಕೂತು ದನಿಯ ಸಂದೇಶ ಕಳಿಸುತ್ತಿದ್ದರು. ನಾಳೆ ಯಾವ ಮಷೀನು ನೋಡಬೇಕು ಎಂದು ಶುರುವಾದದ್ದು ಎಲ್ಲೆಲ್ಲೋ ಹೋಗುತ್ತಿತ್ತು. ಮುಂಬ್ರಾ ಹತ್ತಿರ ರೈಲು ನಿಂತದ್ದು, ಹೆಂಡತಿಗೆ ಕನ್ನಡಕ ಬದಲಿಸಿದ್ದು, ಈ ಊರಲ್ಲಿ ಒಳ್ಳೆಯ ಬೂದುಗುಂಬಳ ಸಿಗದ್ದು… ಹಿಂದೆ ಪಕ್ಕದ ಮನೆಯ ಕುಕ್ಕರ್ ಕೂಗುತ್ತಿತ್ತು. ನಡುವೆ ಹೆಂಡತಿಗೆ ತುಳುವಿನಲ್ಲಿ ಏನೋ ಹೇಳಿ, ಮತ್ತೆ ನನ್ನ ಕಡೆ ತಿರುಗಿ ಕನ್ನಡ. ಮೂರು ನಿಮಿಷ, ನಾಲ್ಕು ನಿಮಿಷ.

ವರದಿ ಬರೆದ ವಾರವೂ ಅವರ ಸಂದೇಶ ಬಂತು, ಏನೂ ಆಗಿಲ್ಲವೆನ್ನುವ ಹಾಗೆ. ನಾನು ರೈಲಿನಲ್ಲಿ ಕೂತು ಆ ಚಾಟ್‌ನ ಸೆಟ್ಟಿಂಗ್ ತೆರೆದೆ. ಸಂದೇಶಗಳು ತಾವಾಗಿಯೇ ಮಾಯವಾಗುವ ಒಂದು ಸವಲತ್ತಿದೆ. ಒಂದು ದಿನ, ಏಳು ದಿನ, ತೊಂಬತ್ತು ದಿನ. ಏಳು ಒತ್ತಿದೆ. ಆವರೆಗಿನದನ್ನು ಕೈಯಾರೆ ಅಳಿಸಿದೆ. ನಿಮ್ಮ ವಾಯಿದೆ ನನ್ನ ಹತ್ತಿರ ಇಷ್ಟೇ ಎಂದು ತೋರಿಸುವ ಸಣ್ಣತನ, ಬೇರೇನಲ್ಲ. ಅದನ್ನು ಒತ್ತಿದರೆ ಎದುರಿನವರ ಫೋನಿನಲ್ಲೂ ಸೂಚನೆ ಬರುತ್ತದೆ. ಆಮೇಲಿನದೆಲ್ಲ ಎರಡೂ ಕಡೆಯಿಂದ ಹೋಗುತ್ತದೆ. ಅದು ನನಗೆ ಗೊತ್ತಿತ್ತು.

ಅಂದು ಸಂಜೆ ಅವರ ಸಂದೇಶ ಬಂತು. "ಏಳು ದಿನ ಇಟ್ಟದ್ದು ನೋಡಿದೆ ಮಾರಾಯ್ರೆ. ಇರ್ಲಿ. ಕೆಲ್ಸದ ಮಾತಿಗೆ ಅಷ್ಟು ಸಾಕು." ಆಮೇಲೆ ಎಂದಿನಂತೆ ಮರುದಿನದ ಕೆಲಸ, ರೈಲು, ತರಕಾರಿ. ಏಳು ದಿನದ ನಂತರ ಅದೂ ಹೋಯಿತು.

ಒಂದೂವರೆ ವರ್ಷ ಕಳೆದ ಮೇಲೆ ನಾನು ಠಾಣೆಯ ಇನ್ನೊಂದು ಕಂಪನಿಗೆ ಹೋದೆ. ಅಷ್ಟರಲ್ಲಿ ಕೋಪ ಹೋಗಿತ್ತು. ಹೊಸ ಜಾಗದಲ್ಲಿ ನಾನೂ ಮೂರು ಪಟ್ಟಿ ಇಟ್ಟೆ, ಎಲ್ಲಕ್ಕೂ ದಿನಗಳ ಲೆಕ್ಕದ ವಾಯಿದೆ. ಅಲ್ಲಿಯೂ ಅವರ ಸಂದೇಶ ಬರುತ್ತಲೇ ಇತ್ತು, ವಾರಕ್ಕೆ ಎರಡು, ಮೂರು. ನಾನು ಕೇಳುತ್ತಿದ್ದೆ, ಎರಡು ಸಾಲು ಟೈಪ್ ಮಾಡಿ ಉತ್ತರಿಸುತ್ತಿದ್ದೆ. ಆ ಸೆಟ್ಟಿಂಗ್ ಮಾತ್ರ ಬದಲಿಸಲಿಲ್ಲ. ಹಟದಿಂದಲ್ಲ, ಮರೆತಿದ್ದೆ. ದಿನಾ ಇಂಥ ಸೆಟ್ಟಿಂಗುಗಳನ್ನೇ ನೋಡುವವಳು ಅದೊಂದನ್ನು ಮರೆತೆ.

ಅವರು ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ, ಮನೆಯಲ್ಲೇ, ಆಫೀಸಿಗೆ ಹೊರಡಲು ಶೂ ಹಾಕಿಕೊಳ್ಳುವಾಗ. ಹೃದಯಾಘಾತ. ನನಗೆ ತಿಳಿದದ್ದು ಮಧ್ಯಾಹ್ನ. ಡೊಂಬಿವಿಲಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ನಿಂತು ಕೈಮುಗಿದು ಬಂದೆ.

ವರ್ಷಾಂತಿಕ ಮುಗಿದ ವಾರ ಅವರ ಹೆಂಡತಿ ಫೋನು ಮಾಡಿ, ಪುರುಸೊತ್ತಾದಾಗ ಒಮ್ಮೆ ಬನ್ನಿ ಎಂದರು. ಭಾನುವಾರ ಹೋದೆ. ಚಹಾ ಕೊಟ್ಟು ಎದುರು ಕೂತರು. ಅಣ್ಣನ ಫೋನು ಮೇಜಿನ ಮೇಲೆ ಚಾರ್ಜಿಗೆ ಇತ್ತು.

"ನನ್ನ ಹತ್ರ ಎದುರಿಗೇ ಮಾತಾಡ್ತಿದ್ರಲ್ಲ, ಹಾಗಾಗಿ ನನಗೆ ಅಂತ ಎಂತದೂ ಕಳಿಸ್ಲಿಲ್ಲ" ಎಂದರು. "ಮೊನ್ನೆ ಮೊಮ್ಮಗು ಅಜ್ಜನ ಸ್ವರ ಹೇಗಿತ್ತು ಅಂತ ಕೇಳಿತು. ಹೇಳ್ಲಿಕ್ಕೆ ಹೋದ್ರೆ ನನಗೇ ಸರಿ ನೆನಪಾಗ್ಲಿಲ್ಲ. ಫೋಟೋ ಬೇಕಾದಷ್ಟುಂಟು. ಆಮೇಲೆ ನೆನಪಾಯ್ತು, ನಿಮ್ಮ ಹತ್ರ ಈ ಬಾಲ್ಕನಿಯಲ್ಲಿ ಕೂತು ಎಷ್ಟು ಮಾತಾಡ್ತಿದ್ರು ಅಂತ. ಇದ್ರಲ್ಲಿ ನೋಡಿದೆ, ನಿಮ್ಮ ಹೆಸರಿನಲ್ಲಿ ಎಂತದೂ ಇಲ್ಲ. ಇದಕ್ಕೆ ಮುಂಚಿನ ಫೋನು ಮಳೆಯಲ್ಲಿ ಹಾಳಾಗಿ ಅದ್ರಲ್ಲಿದ್ದದ್ದು ಬರ್ಲಿಲ್ಲ. ನಿಮ್ಮ ಫೋನಿನಲ್ಲಿ ಉಂಟಲ್ಲ? ಬ್ಯಾಕಪ್ಪಿನವರು ನೀವು."

ನನ್ನ ಫೋನಿನಲ್ಲಿ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ತೆರೆದು, ಅವರಿಗೆ ಕಾಣುವಂತೆ ಹಿಡಿದು, ಮೇಲೆ ಕೆಳಗೆ ಸರಿಸಿದೆ. ಖಾಲಿ. ಹೊಸ ಸಂದೇಶಗಳು ಏಳು ದಿನಗಳಲ್ಲಿ ಮಾಯವಾಗುತ್ತವೆ ಎಂಬ ಒಂದು ಸಾಲು ಮಾತ್ರ ಇತ್ತು.

ಫೋನ್ ಬದಲಾಯಿಸಿದಾಗ ಹೋಯಿತು ಎನ್ನಬಹುದಿತ್ತು. ಅವರು ನಂಬುತ್ತಿದ್ದರು. ಬಾಯಿಗೆ ಬಂದದ್ದನ್ನು ನುಂಗಿ, ಯಾವ ವಾರ, ಯಾಕೆ, ಯಾರು ಎಂದು ಅಣ್ಣ ಬರೆಯುತ್ತಿದ್ದ ಕ್ರಮದಲ್ಲೇ ಹೇಳಿದೆ. ನಾನೇ ಒತ್ತಿದ್ದು, ಅವರ ಮೇಲಿನ ಸಿಟ್ಟಿಗೆ ಒತ್ತಿದ್ದು, ಅದರಿಂದ ಅವರ ಫೋನಿನಲ್ಲಿದ್ದದ್ದೂ ಹೋಯಿತು, ಈಗ ಎಲ್ಲಿಂದಲೂ ತರಲು ಆಗುವುದಿಲ್ಲ ಎಂದೆ.

ಅವರು ನನ್ನನ್ನು ಬೈಯಲಿಲ್ಲ. ಚಹಾದ ಲೋಟ ತಟ್ಟೆಯ ಮೇಲಿಟ್ಟರು.

"ಅವ್ರಿಗೆ ಗೊತ್ತಿತ್ತಾ? ಹೋಗ್ತದೆ ಅಂತ?"

"ಗೊತ್ತಿತ್ತು."

"ಗೊತ್ತಿದ್ದೂ ಮಾತಾಡ್ತಿದ್ರಾ?"

"ಹೌದು."

ಆಮೇಲೆ ಅವರು, ನೀವಾದರೂ ಒಮ್ಮೆ ಹೇಳಿ ನೋಡಿ, ಅವರು ಹೇಗೆ ಹೇಳುತ್ತಿದ್ದರು ಅಂತ, ಎಂದರು. ನಾನು ಪ್ರಯತ್ನಿಸಿದೆ. ಇರ್ಲಿ ಮಾರಾಯ್ರೆ ಎಂದೆ. ನನ್ನ ಮೈಸೂರಿನ ಬಾಯಲ್ಲಿ ಅದು ಬೇರೆ ಯಾರದೋ ಮಾತಾಗಿತ್ತು. ಅವರು ಇಲ್ಲ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದರು.

ಈಗ ನಾನಿರುವ ಕಂಪನಿಯಲ್ಲಿ ಇನ್ನೂರಕ್ಕೂ ಹೆಚ್ಚು ಮಷೀನುಗಳು ನನ್ನ ಕೈಕೆಳಗಿವೆ. ಯಾವುದನ್ನು ಕೇಳಿದರೂ ಏಳು ವರ್ಷದ ಹಿಂದಿನವರೆಗೆ ತೆಗೆದುಕೊಡುತ್ತೇನೆ. ಅಣ್ಣ ಹೇಳಿದ ಮಾತುಗಳೆಲ್ಲ ನೆನಪಿವೆ, ಮೇಲೆ ಬರೆದಿದ್ದೇನೆ. ಅವನ್ನು ನಾನು ಓದಿದ್ದೆನೋ ಕೇಳಿದ್ದೆನೋ ಎಂದು ಯಾರಾದರೂ ಕೇಳಿದರೆ ಹೇಳಲಾರೆ. ಮಾತು ಬರುತ್ತದೆ, ದನಿ ಬರುವುದಿಲ್ಲ.